ನೋಡುವಾ

ಹತ್ತೊಂಬತ್ತು ವರ್ಷ ಮೇಣದಲ್ಲಿ ಹಲ್ಲು ಕೆತ್ತಿದ್ದೇನೆ
ಕಂಕನಾಡಿಯ ಈ ಮೂರನೇ ಮಾಳಿಗೆಯಲ್ಲಿ,
ಯಾರ ಮುಖವನ್ನೂ ನೋಡದೆ.
ಬರುವುದು ಪ್ಲಾಸ್ಟರಿನ ದವಡೆ,
ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಚೀಟಿ:
ಹೆಣ್ಣು, ಐವತ್ತೆರಡು, ಬಣ್ಣ ಎ-ಮೂರು, ಶುಕ್ರವಾರ ಬೇಕು.
ಅಷ್ಟರಲ್ಲೇ ಗೊತ್ತಾಗುತ್ತದೆ
ಒಂದೇ ಬದಿಯಲ್ಲಿ ಅಗಿಯುವವರು ಯಾರು,
ನಿದ್ದೆಯಲ್ಲಿ ಹಲ್ಲು ಮಸೆಯುವವರು ಯಾರು.
(ಸಾಲದ ಕಂತು ಇರಬೇಕು, ಪಾಪ.)

ಮಾರ್ಚಿನಲ್ಲಿ ಯಂತ್ರ ಬಂತು.
ಲಿಫ್ಟಿಗೆ ಹಿಡಿಸದೆ ನಾಲ್ಕು ಜನ ಹೊತ್ತು ತಂದರು,
ಮೆಟ್ಟಿಲ ತಿರುವಿನಲ್ಲಿ ಹುಷಾರ್ ಹುಷಾರ್ ಎಂದು
ಕೂಗಿದವಳು ನಾನೇ.
ಬಿಳಿ ಬಿಲ್ಲೆಯೊಂದನ್ನು ಅದರ ಹೊಟ್ಟೆಗಿಟ್ಟರೆ
ಇಪ್ಪತ್ತು ನಿಮಿಷಕ್ಕೊಂದು ದವಡೆಹಲ್ಲು,
ನನಗೆ ಒಂದು ಬೆಳಗಿಡೀ ಹಿಡಿಯುವಂಥದ್ದು.
ಅದರ ಹಿಂದೆಯೇ ಒಬ್ಬ ಹುಡುಗನೂ ಬಂದ,
ಮುಝಮ್ಮಿಲ್, ಉಳ್ಳಾಲದವ,
ನನ್ನ ಮಗಳಿಗಿಂತ ಮೂರೇ ವರ್ಷ ದೊಡ್ಡವ.

ಮುಂದೆ ನನ್ನದೇನು ಎಂದು ಕೇಳಿದೆ.
"ನೋಡುವಾ ವಾರಿಜಾ," ಎಂದರು ರೆಬೆಲ್ಲೊ ಸರ್.
ಕೆಟ್ಟ ಮನುಷ್ಯ ಅಲ್ಲ. ಬೋನಸ್ ತಪ್ಪಿಸಿದವರಲ್ಲ,
ಮಗಳ ಆಪರೇಷನ್ನಿಗೆ ಮುಂಗಡ ಕೊಟ್ಟವರು.
ಆದರೆ ಈ "ನೋಡುವಾ" ಉಂಟಲ್ಲ,
ಅದರಲ್ಲಿ ನೋಡುವವರು ಯಾರೂ ಇಲ್ಲ.
ಸಂಬಳಕ್ಕೆ ನೋಡುವಾ, ಪಿ.ಎಫ್.ಗೆ ನೋಡುವಾ,
ನಾನೂ ತಲೆಯಾಡಿಸಿ ಬಂದು ಬರ್ನರ್ ಹೊತ್ತಿಸಿದ್ದೇ.

ಎದುರು ಟೇಬಲಿನ ಸಂಜೀವಣ್ಣ ಸಮಾಧಾನ ಹೇಳಿದ:
ಕೈಕೆಲಸ ಕೈಕೆಲಸವೇ ಮಾರಾಯ್ತಿ, ಮಿಷನು ನಾಲ್ಕು ದಿನ.
ಅವನಪ್ಪ ಹಂಚಿನ ಕಾರ್ಖಾನೆಯಲ್ಲಿದ್ದಾಗ
ಇದನ್ನೇ ಹೇಳುತ್ತಿದ್ದನಂತೆ.
ಅದನ್ನೂ ಅವನೇ ಹೇಳಿದ, ನಗುತ್ತಾ,
ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ.

ಆ ರಾತ್ರಿ ಪಾತ್ರೆ ಕವುಚಿ ಹಾಕಿ
ಲ್ಯಾಬಿನ ಹಳೇ ಚೀಟಿಯ ಬೆನ್ನಿಗೆ ಬರೆದೆ.
ಗೊತ್ತಿರುವುದು: ಕಚ್ಚು ಕೂರಿಸುವುದು, ಬಣ್ಣ, ತಾಳ್ಮೆ.
ತಾಳ್ಮೆ ಹೊಡೆದು ಹಾಕಿದೆ.
ಗೊತ್ತಿಲ್ಲದ್ದು: ಮೌಸು.
ದೇರಳಕಟ್ಟೆಯಲ್ಲಿ ಎರಡು ಲ್ಯಾಬು, ವಿಚಾರಿಸಬೇಕು.
ಮಣಿಪಾಲ? ಬಸ್ಸೇ ಒಂದೂವರೆ ಗಂಟೆ.
ವಯಸ್ಸು ನಲವತ್ತಮೂರು. ದುಡಿಯುವುದು ಇನ್ನೂ ಹದಿನೈದು,
ಅಂದರೆ ಇನ್ನೊಂದು ಇಡೀ ಉದ್ಯೋಗ ಬಾಕಿ ಉಂಟು,
ಅದಕ್ಕೆ ಯಾರೂ ಪೇಪರಿನಲ್ಲಿ ಕರೆದಿಲ್ಲ.
ಭಾನುವಾರದ ಕೋರ್ಸಿಗೆ ಮೂವತ್ತೆಂಟು ಸಾವಿರ.
ಸೊಸೈಟಿ. ಬಳೆ ಒಂದು ಜೊತೆ.
"ಸರ್ ಏನು ಹೇಳಿದರು?" ಎಂದರು ಇವರು, ಚೀಟಿ ನೋಡಿ.
ಸರ್‌ಗೆ ಹೇಳಿಲ್ಲ ಎಂದೆ.
ಆಮೇಲೆ ಸ್ವಲ್ಪ ಹೊತ್ತು ಫ್ಯಾನು ಮಾತ್ರ ಮಾತಾಡಿತು.

ಮುಝಮ್ಮಿಲ್, ಮಧ್ಯಾಹ್ನ ಅರ್ಧ ಗಂಟೆ ಕಲಿಸು,
ಬಂಗುಡೆ ಗಸಿ ನನ್ನ ಲೆಕ್ಕ.
ಮೊದಲ ವಾರ ಪರದೆಯ ಮೇಲೆ ಹಲ್ಲು
ದಾರ ಕಡಿದ ಗಾಳಿಪಟದ ಹಾಗೆ ಲಾಗ ಹಾಕುತ್ತಾ
ಎಲ್ಲಿಗೋ ಹೋಯಿತು.
ಅಕ್ಕ, ಮೆಲ್ಲ, ಎಂದ.
ನನ್ನ ಕಿವಿ ಬಿಸಿಯಾಯಿತು.

ಆಗ ಬಂದದ್ದು ಬೆಂಗ್ರೆಯ ಕೇಸು.
ಗಂಡು, ಅರವತ್ತು, ಬಿರುಕುಬಿಟ್ಟ ಮುಂದಿನ ಹಲ್ಲಿಗೆ ಕ್ಯಾಪು.
ಹಳೇ ಹಲ್ಲಿನ ಅಂಚಿನಲ್ಲಿ ಸಣ್ಣದೊಂದು ತೋಡು.
ಯಂತ್ರ ಕೆಂಪು ಬಳಿದು ಕೇಳಿತು: ದೋಷ, ತುಂಬಲೇ?
ಹುಡುಗನ ಬೆರಳು ಹೂಂ ಎನ್ನಲು ಹೊರಟಿತ್ತು.
ನಿಲ್ಲು. ಅದು ದೋಷ ಅಲ್ಲ, ಬಲೆ.
ನಲವತ್ತು ವರ್ಷ ಬಲೆ ಹೊಲಿದು
ಗಂಟು ಗಂಟಿಗೂ ನೈಲಾನು ಅಲ್ಲಿಟ್ಟೇ ಕಡಿದ ಬಾಯಿ.
ತುಂಬಿದರೆ ಸೋಮವಾರವೇ ವಾಪಸು ಬರುತ್ತಾನೆ,
ಚಂದ ಉಂಟು, ಆದರೆ ನನ್ನದಲ್ಲ ಎಂದು.
ಮೌಸು ಇತ್ತ ಕೊಡು.

ನಡುಗುವ ಕೈಯಲ್ಲೇ ಕೆತ್ತಿದೆ,
ಮೇಣವಿಲ್ಲದೆ, ಬಿಸಿಯಿಲ್ಲದೆ,
ಅಕ್ಕಿಕಾಳಿನ ಮೂತಿಯಷ್ಟು.

ಜೂನಿನಿಂದ ಭಾನುವಾರ ನನಗಾಗುವುದಿಲ್ಲ ಸರ್,
ಕೋರ್ಸು ಮುಗಿದ ಮೇಲೆ ಸಂಬಳ ಇಷ್ಟು, ಎಂದು ಚೀಟಿ ಇಟ್ಟೆ.
ತಿರುಗಿಸಿ ಮರುಗಿಸಿ ನೋಡಿ, ಕನ್ನಡಕ ತೆಗೆದು,
"ನೋಡುವಾ," ಎಂದರು.
ನಾನು ನೋಡಿ ಆಯ್ತು, ಎಂದೆ. ನಿಮ್ಮದು ಹೇಳಿ.

ಸಂಜೆ ಬಸ್ಸಿನಲ್ಲಿ ನಿಂತೇ ಬಂದೆ.
ನಾಲಿಗೆ ಸುಮ್ಮನಿರದೆ ನನ್ನದೇ ಹಲ್ಲಿನ ಅಂಚು ತಡವುತ್ತಿತ್ತು,
ಎಲ್ಲಾದರೂ ಒಂದು ತೋಡು
ಇರಬೇಕಲ್ಲ ಎಂದು.